ಮಜ್ಜಿಗೆ ಹಂಡೆಯ ಪಕ್ಕದ ಜಾಗ

ಸಿಂಗಿಕೇರಿಯ ಗುಡ್ಡದ ಮೇಲೆ ಪೂಜ್ಯ ಶ್ರೀ ಸಿದ್ಧಾಂಬಿಕಾ ತಾಯಿಯವರು ನೆಲೆಸಿದ್ದ ಮಠಕ್ಕೆ ಗೋಪುರವಿರಲಿಲ್ಲ, ಮಹಾದ್ವಾರವೂ ಇರಲಿಲ್ಲ. ಹಂಚಿನ ಒಂದು ಉದ್ದನೆಯ ಪಡಸಾಲೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಹಿತ್ತಲಲ್ಲಿ ಒಂದು ಬಾವಿ, ಎರಡು ಬೇವಿನ ಮರ, ಇಷ್ಟೇ. ದರ್ಶನಕ್ಕೆ ಬಂದವರು ಗದ್ದುಗೆ ಎಲ್ಲಿದೆ ಎಂದು ಕೇಳಿದರೆ ಅಲ್ಲಿದ್ದವರು ಅಡುಗೆಮನೆಯ ಕಡೆ ಕೈ ತೋರಿಸುತ್ತಿದ್ದರು. ಎಲ್ಲರೂ ಅವ್ವನವರು ಎಂದೇ ಕರೆಯುತ್ತಿದ್ದ ಆ ತಾಯಿ ಒಲೆಯಿಂದ ಸ್ವಲ್ಪ ದೂರದಲ್ಲಿ ಗೋಣಿಚೀಲ ಹಾಸಿಕೊಂಡು, ಮೊರದಲ್ಲಿ ಬೇಳೆ ಹಸನು ಮಾಡುತ್ತಲೋ ಸೊಪ್ಪು ಸೋಸುತ್ತಲೋ ಕುಳಿತಿರುತ್ತಿದ್ದರು. ಪಾದಕ್ಕೆ ಹಣೆ ಹಚ್ಚಲು ಬಗ್ಗಿದವರು ಮೇಲೆ ಏಳುವಷ್ಟರಲ್ಲಿ ಅವರ ಕೈಯಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪು ಇರುತ್ತಿತ್ತು.

ಅವ್ವನವರ ಬಾಯಿಂದ ಉಪದೇಶ ಕೇಳಿದವರು ಬಹಳ ಕಡಿಮೆ. ಮನುಷ್ಯರನ್ನು ತಿದ್ದುವ ಗೋಜಿಗೆ ಅವರು ಹೋಗುತ್ತಲೇ ಇರಲಿಲ್ಲ. ಅವರು ತಿದ್ದುತ್ತಿದ್ದುದು ಮನುಷ್ಯರು ನಿಲ್ಲುವ ಜಾಗವನ್ನು. ಮೊದಲು ಅಡುಗೆಮನೆಗೂ ಪಡಸಾಲೆಗೂ ನಡುವೆ ಆಳೆತ್ತರದ ಗೋಡೆಯಿತ್ತಂತೆ. ಆಗ ಪ್ರತಿ ಅಮಾವಾಸ್ಯೆಯ ದಾಸೋಹದಲ್ಲೂ ಉಂಡವರು ಎಲೆಯಲ್ಲಿ ಅರ್ಧಕ್ಕರ್ಧ ಬಿಟ್ಟೇಳುತ್ತಿದ್ದರು. ಪಲ್ಯಕ್ಕೆ ಉಪ್ಪಿಲ್ಲ, ರೊಟ್ಟಿ ಬಿರುಸು ಎಂದು ಗೊಣಗುತ್ತಿದ್ದರು. ಆ ಕಡೆ ರೊಟ್ಟಿ ಬಡಿಯುವವರು ಇವರ ನಾಲಗೆ ಸೇದಿಹೋಗಲಿ ಎಂದು ಶಪಿಸುತ್ತಿದ್ದರು. ಹಿರಿಯರು ಬಂದು, ತಾಯಿ, ಅನ್ನದ ಮಹಿಮೆಯ ಬಗ್ಗೆ ಭಕ್ತರಿಗೆ ಒಂದು ತಾಸು ಅಪ್ಪಣೆ ಕೊಡಿಸಬೇಕು ಎಂದು ಬಿನ್ನವಿಸಿಕೊಂಡರು. ಅವ್ವನವರು ಮೊರದಿಂದ ತಲೆ ಎತ್ತಿ, "ಗ್ವಾಡಿ ತಗೀರಿ" ಎಂದರು, ಅಷ್ಟೇ.

ಗೋಡೆ ತೆಗೆದರು. ಮುಂದಿನ ಅಮಾವಾಸ್ಯೆಗೆ ಊಟಕ್ಕೆ ಕುಳಿತವರ ಕಣ್ಣೆದುರಿಗೇ ಎಪ್ಪತ್ತು ದಾಟಿದ ಗೌರವ್ವ ಬೆಂಕಿಯ ಮುಂದೆ ಕುಳಿತು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಗೌರವ್ವನ ಕಣ್ಣೆದುರಿಗೆ, ಮೂರು ಹರದಾರಿ ನಡೆದು ಬಂದು ಹಸಿದ ಬಾಯಿಗೆ ತುತ್ತಿಡುವ ಮಂದಿ ಇದ್ದರು. ಅವತ್ತಿನಿಂದ ಎಲೆಯಲ್ಲಿ ಒಂದು ಚೂರು ರೊಟ್ಟಿ ಉಳಿಯಲಿಲ್ಲ. ಅನ್ನದ ಮಹಿಮೆಯ ಪ್ರವಚನ ಹಾಗೇ ಬಾಕಿ ಉಳಿಯಿತು.

ಮಠದಲ್ಲಿ ಇನ್ನೂ ಎರಡು ಪದ್ಧತಿಗಳಿದ್ದವು. ಯಾರೇ ಬರಲಿ, ಒಂದು ಪಂಕ್ತಿಗಾದರೂ ಸೇವೆ ಮಾಡಿ ಆಮೇಲೆ ಎಲೆಯ ಮುಂದೆ ಕೂರಬೇಕು. ಇಂಥ ಕೆಲಸ ಮಾಡಿ ಎಂದು ಅವ್ವನವರು ಯಾರಿಗೂ ಹೇಳುತ್ತಿರಲಿಲ್ಲ. "ಅಲ್ಲಿ ನಿಂದರ್ರಿ" ಎಂದು ಜಾಗ ತೋರಿಸುತ್ತಿದ್ದರು. ಬಾವಿಯ ಹತ್ತಿರ ನಿಂತವನು ತಾನಾಗಿ ನೀರು ಸೇದುತ್ತಿದ್ದ. ಚಪ್ಪಲಿ ಬಿಡುವಲ್ಲಿ ನಿಂತವನು ಐದು ನಿಮಿಷ ಸುಮ್ಮನಿದ್ದು ಆಮೇಲೆ ಜೋಡಿ ಜೋಡಿಯಾಗಿ ಚಪ್ಪಲಿ ಹೊಂದಿಸುತ್ತಿದ್ದ. ಇನ್ನೊಂದು ಪದ್ಧತಿ ಓದಿನದು. ಬೆಳಗಿನ ಜಾವ ಹತ್ತಿಪ್ಪತ್ತು ಮಂದಿ ಈರುಳ್ಳಿ, ಅಲ್ಲಿಯವರ ಮಾತಿನಲ್ಲಿ ಉಳ್ಳಾಗಡ್ಡಿ, ಹೆಚ್ಚಲು ಕೂತಾಗ ಅಕ್ಷರ ಬಲ್ಲವರೊಬ್ಬರು ಒಂದು ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು. ಪುರಾಣವೇ ಆಗಬೇಕೆಂದಿರಲಿಲ್ಲ, ಕಥೆ ಕಾದಂಬರಿಯೂ ನಡೆಯುತ್ತಿತ್ತು.

ಇಂಥ ಮಠಕ್ಕೆ ಒಂದು ಅಮಾವಾಸ್ಯೆಯ ಮುಂಜಾನೆ ಧಾರವಾಡದ ಗುರುಶಾಂತಪ್ಪನವರು ಬಂದರು. ಭಕ್ತಿಯಿಂದ ಬಂದವರಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು, ಏಳು ಕಾದಂಬರಿ ಬರೆದು ಹೆಸರಾದವರು. ಮನುಷ್ಯನ ಸ್ವಭಾವ ಕಲ್ಲಿನಲ್ಲಿ ಕೊರೆದ ಅಕ್ಷರ, ಮೇಲೆ ಎಷ್ಟು ಸುಣ್ಣ ಬಳಿದರೂ ಒಳಗೆ ಅದೇ ಇರುತ್ತದೆ ಎಂಬುದು ಅವರ ಸಿದ್ಧಾಂತ. ಕೊನೆಯ ಮೂರು ಕಾದಂಬರಿಗಳಲ್ಲಿ ಈ ಸಿದ್ಧಾಂತವನ್ನು ಅವರು ಎಷ್ಟು ಗಟ್ಟಿಯಾಗಿ ಕಟ್ಟಿದ್ದರೆಂದರೆ ಅವುಗಳಲ್ಲಿ ಒಂದು ಒಳ್ಳೆಯ ಜೀವ ಹುಡುಕಿದರೂ ಸಿಗುತ್ತಿರಲಿಲ್ಲ. ವಿಮರ್ಶಕರು ಇದನ್ನು ಪ್ರೌಢತೆ ಎಂದು ಕರೆದಿದ್ದರು. ಆದರೆ ಎರಡು ವರ್ಷದಿಂದ ಗುರುಶಾಂತಪ್ಪನವರ ಪೆನ್ನು ಹೂತುಹೋದ ಗಾಡಿಯಂತೆ ನಿಂತುಬಿಟ್ಟಿತ್ತು. ಎಂಟನೆಯ ಕಾದಂಬರಿಯ ಮೊದಲ ಪುಟ ದಾಟಿರಲಿಲ್ಲ. ಇನ್ನು ತಾವು ಬರೆಯುವುದು ಮುಗಿಯಿತೋ ಏನೋ ಎಂಬ ಭಯ ಅವರನ್ನು ಒಳಗೊಳಗೇ ಕಾಡುತ್ತಿತ್ತು. ಯಾರ ಮುಂದೆಯೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಆಗ ಅವರಿಗೆ ವಸ್ತುವಾಗಿ ಒದಗಿದವನು ಪಕ್ಕದ ಮನೆಯ ರಾಚಪ್ಪ. ರಾಚಪ್ಪನದು ಮನೆಯ ಮುಂಭಾಗದಲ್ಲೇ ಬಟ್ಟೆ ಅಂಗಡಿ, ಬಾಯಿ ಮಾತ್ರ ಬೀಸುಕಲ್ಲು. ಹತ್ತು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಹೊರಟ ಗಿರಾಕಿಯನ್ನು ಅವನ ಬೈಗುಳಗಳು ಓಣಿಯ ಕೊನೆಯವರೆಗೂ ಕಳಿಸಿಬರುತ್ತಿದ್ದವು. ಹನ್ನೊಂದು ವರ್ಷದ ಹಿಂದೆ ಅವನ ರೇಡಿಯೋದ ಗದ್ದಲಕ್ಕೂ ಗುರುಶಾಂತಪ್ಪನವರ ಬರವಣಿಗೆಗೂ ಜಗಳ ಹತ್ತಿತು. ಎರಡು ಮನೆಗಳ ನಡುವಿನ ಸಂದಿಗೆ ತೆರೆಯುತ್ತಿದ್ದ ಕಿಟಕಿಯಲ್ಲಿ ನಿಂತು ಇವರು ಒದರಿದರು. ಅವನು ಸಿಟ್ಟಿನಿಂದ ಅಂಗಡಿಯ ಖಾಲಿ ರಟ್ಟಿನ ಡಬ್ಬಿಗಳನ್ನು ತಂದು ಆ ಕಿಟಕಿಗೆ ಅಡ್ಡ ಒಟ್ಟಿದ. ಇವರು ಕಿಟಕಿ ಮುಚ್ಚಿ ಒಳಗಿನಿಂದ ಮೊಳೆ ಹೊಡೆದರು. ಅಂದಿನಿಂದ ಮಾತಿಲ್ಲ ಕಥೆಯಿಲ್ಲ.

ಅಂಥ ರಾಚಪ್ಪ ತಿಂಗಳಿಗೊಮ್ಮೆ ಸಿಂಗಿಕೇರಿಗೆ ಹೋಗಿ ಸೇವಕನಾಗುತ್ತಾನೆ, ಮಂದಿಯ ಎಂಜಲೆಲೆ ತೆಗೆಯುತ್ತಾನೆ, ಎಲ್ಲರನ್ನೂ ಯಪ್ಪಾ ಯವ್ವಾ ಎಂದು ಮಾತಾಡಿಸುತ್ತಾನೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಗುರುಶಾಂತಪ್ಪನವರಿಗೆ ಎರಡು ವರ್ಷದ ಮೇಲೆ ಮೊದಲ ಬಾರಿಗೆ ಬರೆಯುವ ಹುರುಪು ಬಂತು. ಸೇವೆಯ ಸೋಗು ಹಾಕಿದ ಬಟ್ಟೆ ವ್ಯಾಪಾರಿಯ ಕಾದಂಬರಿ. ಓದಿದವರೆಲ್ಲ ಇವನೇ ಎಂದು ಬೆರಳು ಮಾಡಿ ತೋರಿಸಬೇಕು, ಊರಲ್ಲಿ ಅವನು ತಲೆ ಎತ್ತಿ ತಿರುಗಬಾರದು. ಒಂದು ದಿನ ಕಣ್ಣಾರೆ ನೋಡಿ ಬಂದರೆ ಸಾಕು, ಪುಸ್ತಕ ಅರ್ಧ ಮುಗಿದಂತೆ.

ಹೀಗೆ ಅವರು ಹೊಸ ನೋಟ್‌ಬುಕ್ಕು ಬಗಲಲ್ಲಿ ಹಿಡಿದು ಅಡುಗೆಮನೆಗೆ ಬಂದು ಅವ್ವನವರ ಮುಂದೆ ನಿಂತರು. ಕೈ ಮುಗಿಯಲೋ ಬೇಡವೋ ಎಂದು ಅನುಮಾನಿಸಿ ಅರ್ಧ ಮುಗಿದರು. ತಾವು ಲೇಖಕರೆಂದೂ, ಇಲ್ಲಿನ ಸೇವೆಯ ಬಗ್ಗೆ ಬರೆಯಬೇಕೆಂದಿರುವುದಾಗಿಯೂ, ಒಂದು ಮೂಲೆಯಲ್ಲಿ ಯಾರಿಗೂ ತೊಂದರೆಯಾಗದಂತೆ ಕೂತು ನೋಡಲು ಅಪ್ಪಣೆಯಾಗಬೇಕೆಂದೂ ಹೇಳಿದರು. ಅವ್ವನವರು ಅವರ ಮುಖವನ್ನೂ ನೋಟ್‌ಬುಕ್ಕನ್ನೂ ನೋಡಿ ನಕ್ಕರು.

"ಬರೀರಿ ಮಾಸ್ತರ. ಆದ್ರ ಮೂಲ್ಯಾಗ ಬ್ಯಾಡ, ಅಲ್ಲಿ ಕುಂದರ್ರಿ."

ಅವರು ತೋರಿಸಿದ್ದು ಪಡಸಾಲೆಯ ಬಾಗಿಲ ಬಳಿ ಮಜ್ಜಿಗೆಯ ದೊಡ್ಡ ಹಂಡೆಯ ಪಕ್ಕದಲ್ಲಿದ್ದ ಮಣೆಯನ್ನು. ಅಲ್ಲಿ ಪ್ರತಿ ಅಮಾವಾಸ್ಯೆಗೂ ಕೂರುತ್ತಿದ್ದ ಸೇವಕರನ್ನು ಅವ್ವನವರು ಅದೇ ತಾನೇ ಬಾವಿಯ ಕಡೆ ಕಳಿಸಿದ್ದರು. ಇದು ಗುರುಶಾಂತಪ್ಪನವರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿಂದ ಇಡೀ ಪಡಸಾಲೆ ಕಾಣುತ್ತದೆ, ಒಳ್ಳೆಯ ಜಾಗವೇ ಸಿಕ್ಕಿತು ಎಂದು ಹಿಗ್ಗಿ, ಮಣೆಯ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದರು.

ಮೊದಲ ಪಂಕ್ತಿ ಮುಗಿಯುತ್ತ ಬಂತು. ಆ ಮಠದಲ್ಲಿ ಮಜ್ಜಿಗೆಯನ್ನು ಎಲೆಗೆ ಬಡಿಸುತ್ತಿರಲಿಲ್ಲ. ಉಂಡೆದ್ದವರು ಲೋಟ ಹಿಡಿದು ಹಂಡೆಯ ಹತ್ತಿರ ಬರುತ್ತಿದ್ದರು. ಒಬ್ಬ ಮುದುಕ ಬಂದು ಗುರುಶಾಂತಪ್ಪನವರ ಮೂಗಿನ ಮುಂದೆ ಲೋಟ ಹಿಡಿದ. ಅವರು ಆ ಕಡೆ ಈ ಕಡೆ ನೋಡಿ, ತಾನು ಮಜ್ಜಿಗೆಯವನಲ್ಲ ಎಂದರು. ಅವನಿಗೆ ಕಿವಿ ಮಂದ, ಲೋಟ ಹಿಂದೆ ಹೋಗಲಿಲ್ಲ. ಪೀಡೆ ತೊಲಗಲಿ ಎಂದು ಒಂದು ಸೌಟು ಹಾಕಿ ಮತ್ತೆ ಪೆನ್ನು ಹಿಡಿದರು. ಅಷ್ಟರಲ್ಲಿ ಇನ್ನೆರಡು ಲೋಟ ಬಂದವು. ಆಮೇಲೆ ಐದು ಬಂದವು. ನೋಟ್‌ಬುಕ್ಕಿನಲ್ಲಿ "ಕಪಟವು ಸೇವೆಯ" ಎಂದು ಶುರುವಾದ ವಾಕ್ಯದ ಮೇಲೆ ಮಜ್ಜಿಗೆ ಚೆಲ್ಲಿತು. ರೊಟ್ಟಿ ಬಡಿದು ದಣಿದ ಗೌರವ್ವ ಸೊಂಟ ಹಿಡಿದುಕೊಂಡು ಬಂದವಳು ಸಾಲು ಉದ್ದವಾದದ್ದನ್ನು ನೋಡಿದಳು.

"ಬರಕೋಂತ ಏನ ಕುಂತಿ ಯಪ್ಪಾ? ಮಂದಿ ನಿಂತಾರ, ಮಜ್ಜಗಿ ಹಾಕು."

ಕಾದಂಬರಿಕಾರರಿಗೆ ಇಂಥ ಮಾತು ಯಾರೂ ಆಡಿರಲಿಲ್ಲ. ಅವರು ಪೆನ್ನನ್ನು ಕಿವಿಗೆ ಸಿಕ್ಕಿಸಿ, ನೋಟ್‌ಬುಕ್ಕನ್ನು ಮಣೆಯ ಕೆಳಗೆ ತುರುಕಿ, ಅಂಗಿಯ ಎರಡೂ ತೋಳು ಮಡಚಿದರು. ಎರಡನೆಯ ಪಂಕ್ತಿಗೆ ಅವರ ಮುಖ ಗಂಟು ಹಾಕಿಕೊಂಡೇ ಇತ್ತು. ಮೂರನೆಯದಕ್ಕೆ ಸೌಟು ಕೈಗೆ ಹತ್ತಿತು. ನಾಲ್ಕನೆಯದರಲ್ಲಿ ಒಬ್ಬ ಬಸುರಿ ಹೆಣ್ಣುಮಗಳು ಬಂದಾಗ, "ಇನ್ನೊಂದೀಟು ತಗೋ ತಾಯಿ, ಬಿಸಿಲು ಭಾಳ ಐತಿ" ಎಂಬ ಮಾತು ಕೇಳಿಸಿತು. ಯಾರು ಅಂದರು ಎಂದು ನೋಡಿದರೆ ಅವರೇ. ಅಷ್ಟು ಮೆತ್ತಗಿನ ತಮ್ಮ ದನಿಯನ್ನು ಅವರು ಕೇಳಿ ಬಹಳ ವರ್ಷವಾಗಿತ್ತು.

ಹಂಡೆ ತಳ ಕಂಡಾಗ ಹಿಂದಿನಿಂದ ಮಜ್ಜಿಗೆಯ ಕೊಡ ಹೊತ್ತು ಒಬ್ಬರು ಬಂದರು. ತಲೆ ಎತ್ತಿದರೆ ರಾಚಪ್ಪ. ಹಣೆಯಲ್ಲಿ ವಿಭೂತಿ, ಮೊಣಕಾಲವರೆಗೆ ಎತ್ತಿ ಕಟ್ಟಿದ ಧೋತರ, ತೊಯ್ದ ಮೈ. ಅವನೂ ನಿಂತಲ್ಲೇ ನಿಂತ. ಇಂಥ ಗಳಿಗೆಗೆಂದು ಗುರುಶಾಂತಪ್ಪನವರು ಹನ್ನೊಂದು ವರ್ಷ ಮನಸ್ಸಿನಲ್ಲಿ ಮಸೆದಿಟ್ಟ ಮಾತುಗಳು ಒಂದೆರಡಲ್ಲ. ಆದರೆ ಎದುರಿಗೆ ಇಪ್ಪತ್ತು ಲೋಟ ಕಾದಿದ್ದವು. ಆ ಸಾಲು ಸಿಟ್ಟಿಗೆ ಪುರುಸೊತ್ತು ಕೊಡಲಿಲ್ಲ. ಅವರು ಸೌಟನ್ನು ಸರಿಸಿ ಸುಮ್ಮನೆ ಜಾಗ ಬಿಟ್ಟರು. ರಾಚಪ್ಪ ಕೊಡ ಬಗ್ಗಿಸಿ, ಅಂಗೈಯಲ್ಲಿ ಒಂದು ಹನಿ ಹಾಕಿಕೊಂಡು ರುಚಿ ನೋಡಿದ.

"ಉಪ್ಪು ಸ್ವಲ್ಪ ಕಮ್ಮಿ ಆಗೇತಿ ಸರ್. ತರತೀನಿ."

ಹನ್ನೊಂದು ವರ್ಷದ ಮೌನ ಉಪ್ಪಿನ ಮಾತಿನಿಂದ ಮುರಿಯಿತು. ಅವನು ಉಪ್ಪು ತಂದು ಹಾಕಿದ, ಇವರು ಕಲಸಿದರು. ಅಲ್ಲಿಂದ ಕೊನೆಯ ಪಂಕ್ತಿಯವರೆಗೆ ಅವನು ಸುರಿದ, ಇವರು ಹಾಕಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಇಬ್ಬರೂ ಸೇರಿ ಬಾವಿಯ ಹತ್ತಿರ ಹಂಡೆ ತಿಕ್ಕುತ್ತಿದ್ದರು. ಯಾರೂ ಹೇಳಿರಲಿಲ್ಲ, ಹಂಡೆ ಹಾಗೇ ಬಿಟ್ಟು ಏಳಲು ಇಬ್ಬರಿಗೂ ಮನಸ್ಸು ಬಂದಿರಲಿಲ್ಲ. ರಾಚಪ್ಪ ಹಂಡೆಯ ಒಳಗೆ ತಲೆ ಹಾಕಿಕೊಂಡೇ ಮಾತು ತೆಗೆದ.

"ನೀವು ಯಾಕ ಬಂದೀರಿ ನನಗ ಗೊತ್ತೈತಿ ಸರ್. ಊರಾಗ ನಾ ಹಿಂಗಿಲ್ಲ, ಅದೂ ಗೊತ್ತೈತಿ. ಅದಕ್ಕ ತಿಂಗಳಿಗೊಮ್ಮೆ ಬರತೀನಿ. ಇಂಥಾವನೂ ನಾನ ಅದೀನಿ ಅಂತ ನೆನಪಿರಲಿ ಅಂತ."

ಗುರುಶಾಂತಪ್ಪನವರು ಹಂಡೆಯ ಇನ್ನೊಂದು ಅಂಚನ್ನು ಹಿಡಿದುಕೊಟ್ಟರು. ಆದರೂ ಪುಸ್ತಕದ ಆಸೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೈ ಒರೆಸಿಕೊಂಡು ನೆಟ್ಟಗೆ ಅವ್ವನವರ ಬಳಿಗೆ ಹೋದರು. ಆ ಮನುಷ್ಯನ ನಿಜರೂಪ ತಾಯಿಯವರಿಗೆ ತಿಳಿಯದು, ಓಣಿಯಲ್ಲಿ ಅವನ ಬಾಯಿಗೆ ಹೆದರದವರಿಲ್ಲ, ಇಲ್ಲಿ ಮಾಡುತ್ತಿರುವುದೆಲ್ಲ ಬರಿಯ ನಾಟಕ ಎಂದು ದೂರು ಹೇಳಿದರು. ಹೇಳುವಾಗ ತಮ್ಮ ದನಿಗೆ ಮುಂಜಾನೆಯ ಗಟ್ಟಿತನವಿಲ್ಲ ಎಂಬುದು ಅವರಿಗೇ ತಿಳಿಯುತ್ತಿತ್ತು.

ಅವ್ವನವರು ಹರಿವೆ ಸೊಪ್ಪು ಸೋಸುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಕೇಳಿದರು, "ಆ ಬಸರಿ ಹುಡುಗಿಗೆ ಇನ್ನೊಂದೀಟು ತಗೋ ತಾಯಿ ಅಂದ್ರಲ್ಲ ಮಾಸ್ತರ, ಅದೂ ನಾಟಕನ?"

ಅದು ನಾಟಕವಲ್ಲ ಎಂದು ಗುರುಶಾಂತಪ್ಪನವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೆ ಅದು ನಿಜವಾದರೆ ರಾಚಪ್ಪನದೂ ನಿಜ. ಮನೆಯಲ್ಲಿ ಹೆಂಡತಿ ಎದುರಿಗೆ ಕೂತು ಉಣ್ಣುವಾಗ ಇನ್ನೊಂದೀಟು ಹಾಕಿಕೋ ಎಂದು ತಾವು ಅಂದದ್ದು ಯಾವಾಗ ಎಂದು ನೆನೆಸಿಕೊಂಡರು, ನೆನಪಾಗಲಿಲ್ಲ. ನಾಚಿಕೆಯಾಯಿತು. ಅಲ್ಲೇ ಗೋಣಿಚೀಲದ ತುದಿಗೆ ಕೂತರು. ಕೂತದ್ದೇ ತಡ, ಕೈಗೆ ಒಂದು ಕಟ್ಟು ಹರಿವೆ ಸೊಪ್ಪು ಬಂತು.

ಸ್ವಲ್ಪ ಹೊತ್ತು ಇಬ್ಬರೂ ಸೊಪ್ಪು ಸೋಸಿದರು. ನಿಮ್ಮ ಎರಡು ಪುಸ್ತಕ ಓದಿಸಿ ಕೇಳಿದ್ದೇನೆ ಎಂದು ಅವ್ವನವರೇ ಮಾತು ತೆಗೆದರು. ಒಂದು ಬಹಳ ಹಿಂದಿನದು. ಅದರಲ್ಲಿ ಮದುವೆ ಇತ್ತು, ಹೋಳಿಗೆ ಊಟ ಇತ್ತು, ಬೀಗರು ಹಾಸ್ಯ ಮಾಡುತ್ತಿದ್ದರು, ಕೇಳುತ್ತ ಕೇಳುತ್ತ ಎಲ್ಲರೂ ನಕ್ಕೂ ನಕ್ಕೂ ಈಳಿಗೆಗೆ ಬೆರಳು ಕೊಟ್ಟುಕೊಂಡರು. ಇನ್ನೊಂದು ಇತ್ತೀಚಿನದು. ಅದನ್ನು ಓದುವಾಗಲೂ ಎಲ್ಲರ ಕಣ್ಣಲ್ಲಿ ನೀರಿತ್ತು, ಆದರೆ ಅದು ಪುಸ್ತಕದ್ದೋ ಉಳ್ಳಾಗಡ್ಡಿಯದೋ ತಿಳಿಯಲಿಲ್ಲ. ಇಷ್ಟು ಹೇಳಿ ಅವ್ವನವರು ಕೈಯಲ್ಲಿದ್ದ ಸೊಪ್ಪನ್ನು ಮೊರದಲ್ಲಿಟ್ಟರು.

"ಈ ಪುಸ್ತಕದಾಗ ಒಬ್ಬರೂ ಉಂಡಿಲ್ಲ. ಒಂದು ಗುಟುಕು ನೀರು ಸೈತ ಕುಡದಿಲ್ಲ. ಎಲ್ಲಿ ಕುಂತು ಬರದ್ರಿ ಇದನ್ನ?"

ಏಳು ಕಾದಂಬರಿಗಳ ಬಗ್ಗೆ ಎಷ್ಟೋ ಜನ ಎಷ್ಟೋ ಬರೆದಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗುರುಶಾಂತಪ್ಪನವರು ತಮ್ಮ ಕೋಣೆಯ ವರ್ಣನೆ ಮಾಡಿದರು. ಒಂದು ಮೇಜು, ಹಗಲಲ್ಲೂ ಉರಿಯುವ ಒಂದು ದೀಪ, ಎದುರಿಗೆ ಮೊಳೆ ಹೊಡೆದ ಕಿಟಕಿ. ಹೇಳುತ್ತ ಹೋದಂತೆ ಅವರಿಗೇ ಲೆಕ್ಕ ಸಿಕ್ಕಿತು. ಹೋಳಿಗೆ ಊಟದ ಕಾದಂಬರಿ ಬರೆದಾಗ ಆ ಕಿಟಕಿ ತೆರೆದಿತ್ತು. ರಾಚಪ್ಪನ ಮನೆಯ ಒಗ್ಗರಣೆಯ ವಾಸನೆ, ಅವನ ಮಕ್ಕಳ ಜಗಳ, ಅವನ ತಾಯಿಯ ಬೀಸುಕಲ್ಲಿನ ಹಾಡು ಎಲ್ಲ ಅದರೊಳಗಿಂದಲೇ ಬರುತ್ತಿದ್ದವು. ಆ ಕಾದಂಬರಿಯ ಬೀಗರ ಮಾತುಗಳನ್ನು ಅವರು ಕದ್ದದ್ದು ಆ ಕಿಟಕಿಯಿಂದಲೇ. ಅದಕ್ಕೆ ಮೊಳೆ ಬಿದ್ದ ಮೇಲಿನವೇ ಆ ಪ್ರೌಢ ಕಾದಂಬರಿಗಳು ಮೂರೂ.

"ಕಿಡಕಿ ತಗೀರಿ" ಎಂದರು ಅವ್ವನವರು.

ಹಾಗೆ ಮಾಡಿದರೆ ದಿನಬೆಳಗಾದರೆ ಅವನ ಮುಖ ನೋಡಬೇಕಾಗುತ್ತದೆ ಎಂದು ಗುರುಶಾಂತಪ್ಪನವರು ಸಣ್ಣ ಮಗುವಿನಂತೆ ತಕರಾರು ತೆಗೆದರು.

"ಪಾಪ, ಅವನೂ ನಿಮ್ಮ ಮಾರಿ ನೋಡಬೇಕಲ್ಲ ಮಾಸ್ತರ" ಎಂದು ಅವ್ವನವರು ಗಟ್ಟಿಯಾಗಿ ನಕ್ಕರು. ಒಲೆಯ ಮುಂದಿದ್ದ ಗೌರವ್ವನೂ ನಕ್ಕಳು. ಗುರುಶಾಂತಪ್ಪನವರಿಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟರು. ಆಮೇಲೆ ಎಲೆ ಹಾಕಿಸಿಕೊಂಡು ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ ಉಂಡು, ಎದ್ದು, ಅವ್ವನವರ ಪಾದಕ್ಕೆ ಹಣೆ ಹಚ್ಚಿದರು. ಈ ಸಲ ಪೂರ್ತಿ.

ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು, ಬೇರೆ ಬೇರೆ ಸೀಟಿನಲ್ಲಿ. ಮನೆ ಮುಟ್ಟಿದಾಗ ಇನ್ನೂ ಬಿಸಿಲು ಉಳಿದಿತ್ತು. ಗುರುಶಾಂತಪ್ಪನವರು ಹೆಂಡತಿಯನ್ನು ಇಕ್ಕಳ ಎಲ್ಲಿದೆ ಎಂದು ಕೇಳಿದರು. ಮೊಳೆಗಳು ತುಕ್ಕು ಹಿಡಿದು ಕಟ್ಟಿಗೆಯನ್ನೇ ಕಚ್ಚಿಕೊಂಡಿದ್ದವು. ಒಂದೊಂದನ್ನೇ ಕಿತ್ತು, ಕದವನ್ನು ಜೋರಾಗಿ ಒಳಕ್ಕೆ ಎಳೆದಾಗ ಕಿಟಕಿ ನರಳಿಕೊಂಡು ತೆರೆಯಿತು. ಆಚೆ ಬೆಳಕಿಲ್ಲ. ಮೇಲಿನಿಂದ ಕೆಳಗಿನವರೆಗೆ ರಟ್ಟಿನ ಡಬ್ಬಿಗಳು, ಸೂರಿನಡಿ ಧೂಳು ತಿಂದು ಬಣ್ಣಗೆಟ್ಟು, ಹನ್ನೊಂದು ವರ್ಷದಿಂದ ಅಲ್ಲೇ. ಅವನನ್ನು ಕರೆದು ಕೇಳಬೇಕೇ ಎಂದು ಅವರು ಇಕ್ಕಳ ಹಿಡಿದುಕೊಂಡೇ ನಿಂತರು.

ಅಷ್ಟರಲ್ಲಿ ಎಲ್ಲಕ್ಕಿಂತ ಮೇಲಿನ ಡಬ್ಬಿ ಅಲುಗಾಡಿ, ಸರಿದು, ಮಾಯವಾಯಿತು. ಎರಡನೆಯದು ಹೋಯಿತು. ಮೂರನೆಯದು ಹೋದ ಜಾಗದಲ್ಲಿ ರಾಚಪ್ಪನವರ ಮುಖ ಕಾಣಿಸಿತು, ತಲೆಯ ತುಂಬ ಜೇಡರ ಬಲೆ.

"ಅವ್ವಾರು ನನಗೂ ಹೇಳಿದ್ರು ಸರ್, ಡಬ್ಬಿ ತಗೀರಿ ಅಂತ. ಆರು ತಿಂಗಳಾತು. ನೀವು ಕಿಡಕಿ ತಗದ ದಿನ ತಗದ್ರಾತು ಅಂತ ನಾನೂ ಬಿಗಿ ಹಿಡದು ಕುಂತಿದ್ದೆ."

ಸಂಜೆಯ ಬಿಸಿಲು ಸಂದಿಯಿಂದ ಒಳಬಂದು ಮೇಜಿನ ಮೇಲೆ ಬಿತ್ತು. ಮಜ್ಜಿಗೆಯ ಕಲೆ ಹಿಡಿದ ನೋಟ್‌ಬುಕ್ಕು ಅಲ್ಲೇ ಇತ್ತು. ಗುರುಶಾಂತಪ್ಪನವರು ಅದರ ಮೊದಲ ಹಾಳೆಯನ್ನು ಹರಿದು ಉಂಡೆ ಮಾಡಿ ಬಿಸಾಡಿದರು. ಗಂಡನ ಹಿಂದೆ ನಿಂತಿದ್ದ ಹೆಂಡತಿ ರಾಚಪ್ಪನವರನ್ನು ಚಹಾಕ್ಕೆ ಕರೆದರು, ಅವರು ಕಿಟಕಿಯಿಂದಲೇ ಕೈ ಚಾಚಿ ಕಪ್ಪು ಇಸಿದುಕೊಂಡರು.

ಅವತ್ತಿನಿಂದ ರಾಚಪ್ಪನವರು ಅಂಗಡಿಯಲ್ಲಿ ಬೈಯುವುದನ್ನು ಪೂರಾ ಬಿಟ್ಟರು ಎಂದು ಬರೆದರೆ ಸುಳ್ಳಾದೀತು. ಆದರೆ ಅವರ ದನಿ ಏರಿದಾಗ ಕಿಟಕಿಯಲ್ಲಿ ಒಂದು ಕೆಮ್ಮು ಕೇಳಿಸುತ್ತಿತ್ತು, ದನಿ ತಾನಾಗಿ ಇಳಿಯುತ್ತಿತ್ತು. ಗುರುಶಾಂತಪ್ಪನವರು ಹೆಂಡತಿಯ ಮೇಲೆ ಸಿಡುಕಿದಾಗ ಕೆಮ್ಮುವ ಸರದಿ ರಾಚಪ್ಪನವರದು. ಪ್ರತಿ ಅಮಾವಾಸ್ಯೆಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಸಿಂಗಿಕೇರಿಗೆ ಹೋಗುತ್ತಿದ್ದರು. ಒಬ್ಬರು ಕೊಡ, ಒಬ್ಬರು ಸೌಟು.

ವರ್ಷದ ಮೇಲೆ ಎಂಟನೆಯ ಕಾದಂಬರಿ ಅಚ್ಚಾಗಿ ಬಂತು. ಗುರುಶಾಂತಪ್ಪನವರು ಮೊದಲ ಪ್ರತಿಯನ್ನು ತಂದು ಅವ್ವನವರ ಮೊರದ ಪಕ್ಕದಲ್ಲಿಟ್ಟರು. ಅವ್ವನವರು ಪುಸ್ತಕವನ್ನು ಉಳ್ಳಾಗಡ್ಡಿ ಹೆಚ್ಚುವವರ ನಡುವೆ ಕಳಿಸಿದರು. ಓದು ಶುರುವಾಯಿತು. ಅದರಲ್ಲೊಂದು ಬಟ್ಟೆ ಅಂಗಡಿಯಿತ್ತು, ದೊಡ್ಡ ಬಾಯಿಯ ಒಬ್ಬ ವ್ಯಾಪಾರಿಯಿದ್ದ, ಅವನ ಮಗಳ ಸೀಮಂತವಿತ್ತು. ರಾಚಪ್ಪನವರು ತಮ್ಮ ಗುರುತು ಹಿಡಿದು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಸೀಮಂತದ ಪಂಕ್ತಿ ಬಂತು. ಎಣ್ಣೆಗಾಯಿ, ಮಾದಲಿ, ಅದರ ಮೇಲೆ ಸುರಿದ ತುಪ್ಪ, ಹಪ್ಪಳ ಮುರಿಯುವ ಸದ್ದು, ಬೇಡ ಬೇಡ ಎನ್ನುತ್ತ ಎಲೆಗೆ ಅಡ್ಡ ಹಿಡಿದ ಕೈ, ಆ ಕೈಯ ಮೇಲೇ ಬಿದ್ದ ಇನ್ನೊಂದು ಸೌಟು. ಈಳಿಗೆಗಳ ಸದ್ದು ನಿಂತಿತು. ಗುರುಶಾಂತಪ್ಪನವರು ಹಂಡೆಯ ಪಕ್ಕದ ಮಣೆಯ ಮೇಲೆ ತಲೆ ತಗ್ಗಿಸಿ ಕೂತು ಕಾಯುತ್ತಿದ್ದರು.

ಮೊದಲು ಬಾಯಿ ಬಿಟ್ಟವಳು ಗೌರವ್ವ. "ಓದಿದ್ದು ಸಾಕ ಮಾಡ್ರಿ ಯಪ್ಪಾ, ಹಸಿವು ತಡಿಯಾಂಗಿಲ್ಲ. ಎಲಿ ಹಾಕ್ರಿ."

ಅಲ್ಲಿದ್ದ ಮಂದಿಯೆಲ್ಲ ನಗುತ್ತ ಎದ್ದರು. ಆ ದಿನ ಸಿಂಗಿಕೇರಿಯಲ್ಲಿ ಸೂರ್ಯ ನೆತ್ತಿಗೆ ಬರುವುದಕ್ಕಿಂತ ಎಷ್ಟೋ ಮೊದಲೇ ಪಂಕ್ತಿ ಬಿತ್ತು. ಗುರುಶಾಂತಪ್ಪನವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಉಳ್ಳಾಗಡ್ಡಿ ಅವರಿಂದ ಬಹಳ ದೂರದಲ್ಲಿತ್ತು. ಅವ್ವನವರು ಮೊರದಿಂದ ತಲೆ ಎತ್ತಿ ಅವರ ಕಡೆ ನೋಡಿದರು.

"ಈಗ ಬರದ್ರಿ ನೋಡ್ರಿ ಮಾಸ್ತರ" ಎಂದರು. "ಏಳ್ರಿ, ಮಂದಿ ನಿಂತಾರ."

ಗುರುಶಾಂತಪ್ಪನವರು ಕಣ್ಣೊರೆಸಿಕೊಂಡು ಸೌಟು ಹಿಡಿದರು.